ಸುಣ್ಣ ತಿನ್ನದ ತುಟಿ

ಬಿಡದಿಗೆ ಕಾರಿನ ಕಾರ್ಖಾನೆ ಬಂದ ಮೇಲೆ ಸುತ್ತಮುತ್ತಲ ಹಳ್ಳಿಯವರಿಗೆಲ್ಲ ಒಂದಲ್ಲ ಒಂದು ಕೈಗಾರಿಕೆ ದೊರಕಿತು. ಕೂಟಗಲ್ಲಿನ ನಟರಾಜುವಿಗೆ ದೊರಕಿದ್ದರಲ್ಲಿ ಗಾರಿಕೆ ಕಡಿಮೆ, ಕೈಯೇ ಹೆಚ್ಚು. ಅವನಪ್ಪ ಕುರಿ ಮೇಯಿಸುತ್ತಿದ್ದ ಬಯಲು ಯಾರದೋ ಬೇಲಿಯೊಳಗೆ ಸೇರಿಹೋದಾಗ ಮಗ ಬೇಲಿ ಹಾಕುವವರ ಜೊತೆಗೇ ಸೇರಿಕೊಂಡ. ಜಾಗ ಬಿಡದವರ ಪಾತ್ರೆಪಗಡ ಬೀದಿಗೆ ಎಸೆಯುವುದು, ಸಹಿ ಹಾಕಲು ಮೀನಮೇಷ ಎಣಿಸುವವರಿಗೆ ಹಗಲಲ್ಲೇ ನಕ್ಷತ್ರ ತೋರಿಸುವುದು, ಇಂಥ ಜ್ಯೋತಿಷ್ಯದಲ್ಲಿ ಅವನು ಬೇಗ ಪಳಗಿದ. ಡಾಕ್ಟರಿಗಿರುವ ಹಾಗೆ ಇವನಿಗೂ ಕೈಗುಣವಿದೆ ಎಂದು ಊರವರು ಹೇಳುತ್ತಿದ್ದರು. ವ್ಯತ್ಯಾಸ ಇಷ್ಟೆ, ಡಾಕ್ಟರ ಕೈಗುಣದಿಂದ ಜನ ಆಸ್ಪತ್ರೆ ಬಿಡುತ್ತಾರೆ, ಇವನದರಿಂದ ಸೇರುತ್ತಾರೆ.

2006ರ ಬೇಸಿಗೆಯಲ್ಲಿ ಆ ಕೈಯನ್ನು ಬಾಡಿಗೆಗೆ ಹಿಡಿದವನು ಬಸವಯ್ಯ. ರಾಮನಗರದ ಮೆಡಿಕಲ್ ಸ್ಟೋರುಗಳಿಗೆ ಮಾತ್ರೆ ಸರಬರಾಜು ಮಾಡುವ ಹೋಲ್‌ಸೇಲ್ ವ್ಯಾಪಾರಿ. ಅವನ ತಲೆನೋವಿಗೆ ಅವನದೇ ಗೋಡೌನಿನಲ್ಲಿ ಮದ್ದಿರಲಿಲ್ಲ. ತಲೆನೋವಿನ ಹೆಸರು ಅನಂತರಾಜು.

ಅನಂತರಾಜುವಿನ ಮೆಡಿಕಲ್ ಇದ್ದದ್ದು ರೇಷ್ಮೆ ನೂಲು ತೆಗೆಯುವವರ ಬೀದಿಯಲ್ಲಿ. ಕುದಿಯುವ ಬೇಸಿನ್ನಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ಹೆಂಗಸರ ಬೆರಳು ಆ ಬೀದಿಯಲ್ಲಿ ಎಂದೂ ನೆಟ್ಟಗಿರುವುದಿಲ್ಲ. ಸುಲಿಯುತ್ತದೆ, ಕೀವು ಕಟ್ಟುತ್ತದೆ. ಅದಕ್ಕೆ ರೂಢಿಯಲ್ಲಿದ್ದ ಮದ್ದು ದೊಡ್ಡ ಬಿಳಿ ಸಲ್ಫಾ ಮಾತ್ರೆ, ಚೀಟಿ ಬೇಡ, ಡಾಕ್ಟರು ಬೇಡ. ಎಷ್ಟೋ ಜನಕ್ಕೆ ಅದರಿಂದ ವಾಸಿಯೂ ಆಗುತ್ತಿತ್ತು. ಆದರೆ ಮಾತ್ರೆ ನುಂಗಿದ ಒಬ್ಬಿಬ್ಬರಿಗೆ ಬಿಸಿನೀರು ಮುಟ್ಟದ ಜಾಗದಲ್ಲೂ ಚರ್ಮ ಸುಲಿಯುವುದನ್ನು ಅನಂತರಾಜು ಕಂಡ. ರಹೀಮಾ ಎಂಬ ನೂಲಿನ ಹೆಂಗಸು ಬದುಕಿ ಬಂದರೂ ಅವಳ ಒಂದು ಕಣ್ಣಿಗೆ ಮಂಜು ಕವಿಯಿತು. ಅವನು ಬೆಂಗಳೂರಿನ ಮೆಡಿಕಲ್ ಕಾಲೇಜೊಂದಕ್ಕೆ ಬರೆದು ತಿಳಿಸಿದ. ಸಾಲದೆಂದು ಅಂಗಡಿ ಮುಂದೆ ಬೋರ್ಡು ತೂಗುಹಾಕಿದ: ಸಲ್ಫಾ ತಿಂದ ಮೇಲೆ ತುಟಿ, ಕಣ್ಣು ಉರಿದರೆ ತಕ್ಷಣ ನಿಲ್ಲಿಸಿ, ನನ್ನ ಹತ್ತಿರ ಬನ್ನಿ.

ಜನ ನಿಲ್ಲಿಸಿದರು. ಮಾತ್ರೆಯನ್ನಲ್ಲ, ಬಸವಯ್ಯನ ಸರಕು ಕೊಳ್ಳುವುದನ್ನೇ.

“ಊರಿಗೆಲ್ಲ ಅಡ್ಡ ಪರಿಣಾಮ ಅಂತ ಬರ್ದು ಕಳಿಸ್ತಾವ್ನೆ ಕಣ್ಲಾ ನಟರಾಜ,” ಎಂದ ಬಸವಯ್ಯ. “ಆ ಬರಿಯೋ ಕೈಗೆ ಒಸಿ ನೇರ ಪರಿಣಾಮ ತೋರ್ಸ್‌ಬುಟ್ಟು ಬಾ.”

ನಟರಾಜು ಹೊರಡುವಾಗ ಅವನ ಹೆಂಡತಿಯ ಕೈ ಹೇಗಿದೆಯೆಂದು ಬಸವಯ್ಯ ವಿಚಾರಿಸಿ, ಅದೇ ಬಿಳಿ ಮಾತ್ರೆಯ ಒಂದು ಸ್ಟ್ರಿಪ್ಪನ್ನು ಅವನ ಜೇಬಿಗೆ ತುರುಕಿದ. ಬಸವಯ್ಯನ ಪ್ರೀತಿ ಯಾವಾಗಲೂ ಗೋಡೌನಿನಿಂದಲೇ ಹೊರಡುತ್ತಿತ್ತು.

ನಟರಾಜುವಿನ ಹೆಂಡತಿ ಸೌಮ್ಯಳೂ ನೂಲು ತೆಗೆಯುವವಳೇ. ಕೈ ಕೀವಾದಾಗ ನಟರಾಜು ಬಸವಯ್ಯನಿಂದಲೇ ಮಾತ್ರೆ ತಂದು ಕೊಟ್ಟಿದ್ದ. ನಾಲ್ಕಾರು ದಿನದಲ್ಲಿ ಕೈ ಇನ್ನಷ್ಟು ಸುಲಿಯಿತು. ಬಿಸಿನೀರಿನ ಕೆಲಸ, ಸುಲಿಯದೆ ಇನ್ನೇನು, ಎಂದು ಇನ್ನಷ್ಟು ಮಾತ್ರೆ ಕೊಟ್ಟ. ಕಣ್ಣು ಕೆಂಪಾಯಿತು, ಒಲೆಯ ಹೊಗೆಯೆಂದುಕೊಂಡರು. ಮೈ ಸುಟ್ಟಿತು, ಗಾಯದ ಕಾವು. ತುಟಿ ಒಡೆದು ಹಕ್ಕಳೆಗಟ್ಟಿದಾಗ ಪಕ್ಕದ ಮನೆಯ ದಾಸಮ್ಮ ಎಲೆಅಡಿಕೆಗೆ ಸುಣ್ಣ ಹೆಚ್ಚಾಗಿರಬೇಕೆಂದು ತೀರ್ಪು ಕೊಟ್ಟಳು. ಬಸವಯ್ಯ ಕರೆಸಿದ ಆ ದಿನ ಬೆಳಿಗ್ಗೆ ಸೌಮ್ಯ ನುಂಗಲಾರೆನೆಂದು ತಲೆಯಾಡಿಸಿದರೂ, ನಟರಾಜು ದವಡೆ ಹಿಡಿದು ತಾನೇ ಮಾತ್ರೆ ಹಾಕಿ ನೀರು ಹೊಯ್ದು ಬಂದಿದ್ದ. ಅವನ ಪ್ರೀತಿಗೂ ಒಸಿ ಬಲಪ್ರಯೋಗ ಬೇಕಾಗುತ್ತಿತ್ತು.

ಮಧ್ಯಾಹ್ನ, ಬೀದಿಯವರು ಊಟಕ್ಕೆ ಹೋದ ಹೊತ್ತಿನಲ್ಲಿ, ನಟರಾಜುವಿನ ಜೊತೆಗಾರ ಅಪ್ಪಾಜಿ ಓಡಿಸುತ್ತಿದ್ದ ಓಮ್ನಿ ವ್ಯಾನು ಮೆಡಿಕಲ್ ಮುಂದೆ ನಿಂತಿತು. ನಟರಾಜು ಮಾತಾಡಲಿಲ್ಲ. ಕಬ್ಬಿಣದ ರಾಡು ಮಾತಾಡಿತು. ಗಾಜಿನ ಕಪಾಟು ಒಂದೇ ಏಟಿಗೆ ಸುರಿದುಬಿತ್ತು. ಕೆಮ್ಮಿನ ಸಿರಪ್ಪು, ಹೊಟ್ಟೆನೋವಿನ ಸಿರಪ್ಪು, ಶಕ್ತಿಯ ಟಾನಿಕ್ಕು ಎಲ್ಲ ಜಾತಿಭೇದ ಮರೆತು ನೆಲದ ಮೇಲೆ ಒಂದಾದವು. ಅನಂತರಾಜುವನ್ನು ಕಾಲರು ಹಿಡಿದು ಕೌಂಟರಿನ ಮೇಲಿಂದ ಎಳೆದುಕೊಂಡು ಮೂಗಿಗೆ ಗುದ್ದಿದ. ಕನ್ನಡಕ ಹಾರಿತು, ರಕ್ತ ಅಂಗಿಗಿಳಿಯಿತು. ಆಮೇಲೆ ಅವನನ್ನು ಬಾಗಿಲ ತನಕ ಗಾಜಿನ ಮೇಲೆ ದರದರ ಎಳೆದು, ಬಲಗೈಯನ್ನು ಹೊಸ್ತಿಲ ಮೇಲೆ ಮೆಟ್ಟಿ ಹಿಡಿದು, ರೋಲಿಂಗ್ ಶಟರನ್ನು ಜೋರಾಗಿ ಕೆಳಗೆಳೆದ.

ಕಡಲೆಕಾಯಿ ಸುಲಿದಂಥ ಸದ್ದಾಯಿತು. ಅನಂತರಾಜು ಕಿರುಚಿದ್ದು ಬೀದಿಯ ಕೊನೆಗೂ ಕೇಳಿಸಿರಬೇಕು.

ಶಟರು ಎತ್ತಲು ನಟರಾಜು ಬಗ್ಗಿದಾಗ ಜೇಬಿನಿಂದ ಸ್ಟ್ರಿಪ್ಪು ಜಾರಿ ಗಾಜಿನ ಚೂರುಗಳ ನಡುವೆ ಬಿತ್ತು. ಅನಂತರಾಜು ಅದನ್ನೇ ನೋಡಿದ.

“ಅದು ಯಾರಿಗೆ?”

“ನನ್ನೆಂಡ್ರಿಗೆ. ನಿಂಗ್ಯಾಕ್ಲಾ?”

“ನೂಲು ತೆಗೀತಾರಾ?” ಉಸಿರು ಎಳೆದುಕೊಂಡು ಕೇಳಿದ. ಉತ್ತರಕ್ಕೆ ಕಾಯಲಿಲ್ಲ. “ಕೈ ಸುಲಿದ್ರೆ ಬಿಸಿನೀರು ಅಂತೀರಿ. ಕಣ್ಣು ಕೆಂಪಾದ್ರೆ ಹೊಗೆ ಅಂತೀರಿ. ತುಟಿ ಒಡೆದ್ರೆ ಸುಣ್ಣ ಅಂತೀರಿ. ಹೋಗಿ ಅವರ ತುಟಿ ನೋಡು. ಒಡೆದಿದ್ರೆ ಇನ್ನೊಂದು ಮಾತ್ರೆ ಕೊಡ್ಬೇಡ, ಈ ಸ್ಟ್ರಿಪ್ಪು ತಗಂಡು ಬೆಂಗಳೂರಿಗೆ ಓಡು. ಇಲ್ದಿದ್ರೆ ಸತ್ತೋಯ್ತಾರೆ.”

ನಟರಾಜುವಿಗೆ ಅದು ಮದ್ದಿನವನ ಮಾತಾಗಿ ಕೇಳಲಿಲ್ಲ, ಶಾಪವಾಗಿ ಕೇಳಿತು. ಮನೆಯ ಮುತ್ತೈದೆಗೆ ಸಾವು ನುಡಿಯುತ್ತೀಯಾ ಎಂದು ಶಟರನ್ನು ಅದೇ ಕೈಯ ಮೇಲೆ ಇನ್ನೊಮ್ಮೆ ಎಳೆದ. ಪಕ್ಕೆಗೆ ಎರಡು ಒದೆ ಕೊಟ್ಟು ವ್ಯಾನು ಹತ್ತಿದ.

ದಾರಿಯುದ್ದಕ್ಕೂ ಅಪ್ಪಾಜಿ ಕೆಲಸದ ಅಚ್ಚುಕಟ್ಟನ್ನು ಹೊಗಳುತ್ತ ಬಂದ. ನಟರಾಜುವಿನ ಕಿವಿಗೆ ಅದು ಹೋಗಲಿಲ್ಲ. ಸುಣ್ಣ ಎಂಬ ಮಾತು ಹಲ್ಲಿನ ಸಂದಿಯ ಅಡಿಕೆ ಚೂರಿನ ಹಾಗೆ ಸಿಕ್ಕಿಕೊಂಡಿತ್ತು. ಸೌಮ್ಯಳಿಗೆ ಎಲೆಅಡಿಕೆ ವಾಸನೆಯೇ ಆಗದು. ಮದುವೆಯ ದಿನ ಬಾಯಿಗಿಡಬೇಕಾದ ವೀಳ್ಯವನ್ನು ಯಾರಿಗೂ ಕಾಣದಂತೆ ಅವನ ಅಂಗೈಗೇ ತುರುಕಿದ್ದಳು. ದಿನಕ್ಕೊಂದು ಡಬ್ಬಿ ಸುಣ್ಣ ಖಾಲಿ ಮಾಡುವವಳು ದಾಸಮ್ಮ. ಅವಳ ತುಟಿ ಕಲ್ಲಿನಂತಿತ್ತು. ತಿನ್ನದ ಸುಣ್ಣ ಸುಡುವುದು ಹೇಗೆ? ನಟರಾಜು ಅಪ್ಪಾಜಿಯ ತೊಡೆ ಹಿಂಡಿ ಗಾಡಿ ಓಡಿಸೆಂದ.

ಸೌಮ್ಯ ಗೋಡೆ ಕಡೆ ತಿರುಗಿ ಮಲಗಿದ್ದಳು. ರವಿಕೆ ಬೆನ್ನಿಗೆ ಅಂಟಿತ್ತು. ಎತ್ತಲು ಭುಜ ಹಿಡಿದಾಗ, ಬೆಂದ ಗೂಡಿನ ಮೇಲಿನ ಜುಂಗು ಕೈಗೆ ಬರುವ ಹಾಗೆ, ಭುಜದ ಚರ್ಮ ಅವನ ಅಂಗೈಗೆ ಬಂತು. ಎಷ್ಟೋ ಜನರ ಚರ್ಮ ಸುಲಿಯುತ್ತೇನೆಂದು ಬಾಯಲ್ಲಿ ಹೇಳಿದ್ದವನು ಕೈಯಲ್ಲಿ ಸುಲಿದದ್ದು ಅದೇ ಮೊದಲು.

ಅವಳು ಕಣ್ಣು ತೆರೆಯಲಾರದೆ ಕೇಳಿದಳು. “ಮಾತ್ರೆ ತಂದ್ರಾ?”

ಅವಳನ್ನು ಸೀರೆಯಲ್ಲಿ ಸುತ್ತಿ ವ್ಯಾನಿನಲ್ಲಿ ಮಲಗಿಸಿದ. ಮಾತ್ರೆಯ ಹೆಸರು ಅವನಿಗೆ ಗೊತ್ತಿರಲಿಲ್ಲ. ಹಳೆಯ ಸ್ಟ್ರಿಪ್ಪುಗಳೆಲ್ಲ ಒಲೆ ಸೇರಿದ್ದವು. ಉಳಿದಿದ್ದ ಒಂದು ಸ್ಟ್ರಿಪ್ಪು ಅವನೇ ಒಡೆದ ಗಾಜಿನ ನಡುವೆ ಬಿದ್ದಿತ್ತು.

ಓಮ್ನಿ ಮತ್ತೆ ಆ ಬೀದಿಗೆ ಹೊರಳಿದಾಗ ನೂಲಿನವರೆಲ್ಲ ಮೆಡಿಕಲ್ ಮುಂದೆ ನೆರೆದಿದ್ದರು. ರಹೀಮಾಳ ಕೈಯಲ್ಲಿ ಒಲೆಯ ಸೌದೆ. ನಟರಾಜು ಇಳಿದದ್ದೇ ತಡ, ಮೊದಲ ಏಟು ಅವನ ಕಿವಿಯ ಮೇಲೆ ಬಿತ್ತು. ಆಮೇಲೆ ಯಾವುದು ಯಾರ ಏಟೆಂದು ಹೇಳುವಂತಿರಲಿಲ್ಲ. ಸೌದೆ, ಚಪ್ಪಲಿ, ಗೂಡಿನ ಬುಟ್ಟಿಯ ಕೋಲು. ಅವನು ಕೈ ಎತ್ತಲಿಲ್ಲ. ಮಂಡಿಯೂರಿ ಅಂಗಡಿಯೊಳಗೆ ತೆವಳಿ ಗಾಜಿನ ರಾಶಿಯಲ್ಲಿ ಬೆರಳಾಡಿಸತೊಡಗಿದ. ಗಾಜು ಅಂಗೈ ಸೀಳಿತು. ತಲೆ ಒಡೆದು ರಕ್ತ ಕಣ್ಣಿಗಿಳಿಯಿತು. ಬೆನ್ನ ಮೇಲೆ ಏಟು ಬೀಳುತ್ತಲೇ ಇತ್ತು.

“ಹೊಡ್ಕೊಳಿ,” ಎಂದ, ಮುರಿದ ಹಲ್ಲನ್ನು ಉಗಿದು. “ಆ ಸ್ಟ್ರಿಪ್ಪೊಂದು ಉಡುಕ್ಕೊಡಿ.”

ಇದೇನು ಹೊಸ ನಾಟಕವೆಂದು ರಹೀಮಾ ವ್ಯಾನಿನೊಳಗೆ ಇಣುಕಿದಳು. ಸೌಮ್ಯಳ ತುಟಿ ನೋಡಿದಳು. ತನ್ನ ಕನ್ನಡಿಯಲ್ಲಿ ನೋಡಿದ್ದ ತುಟಿಯೇ ಅದು. ಸೌದೆ ಕೈಯಿಂದ ಜಾರಿತು. ಇವಳಿಗೂ ಅದೇ ಆಗಿದೆ, ಹೊಡೆಯುವುದು ನಿಲ್ಲಿಸಿ ಎಂದು ಒಬ್ಬೊಬ್ಬರ ರಟ್ಟೆ ಹಿಡಿದು ಎಳೆದಳು.

ಸ್ಟ್ರಿಪ್ಪು ಅನಂತರಾಜುವಿನ ಎಡಗೈಯಲ್ಲಿತ್ತು. ಬಲಗೈ ಟವೆಲಿನಲ್ಲಿ ಸುತ್ತಿದ ಕೆಂಪು ಗಂಟು.

“ನಡಿ,” ಎಂದ. “ನನ್ನನ್ನೂ ಹತ್ತಿಸ್ಕೋ. ನನ್ ಕೈಗೂ ಆಸ್ಪತ್ರೆ ಬೇಕಲ್ಲ.”

ಬಿಡದಿಯಲ್ಲಿ ಪಾಳಿ ಬಿಟ್ಟ ಕಾರ್ಖಾನೆಯ ಬಸ್ಸುಗಳು ದಾರಿಗೆ ಅಡ್ಡ ನಿಂತವು. ಅಪ್ಪಾಜಿಯ ಹಾರನ್ನಿಗೆ ಯಾರೂ ಸರಿಯಲಿಲ್ಲ. ನಟರಾಜು ಒಡೆದ ತಲೆಯೊಂದಿಗೆ ಇಳಿದು ಬಸ್ಸಿನ ಮುಖಕ್ಕೆ ಗುದ್ದಿ ದಾರಿ ಮಾಡಿಸಿದ. ಒಳಗೆ ಅನಂತರಾಜು ಎಡಗೈಯಿಂದಲೇ ಸೌಮ್ಯಳ ಬಾಯಿಗೆ ತೊಟ್ಟು ತೊಟ್ಟಾಗಿ ನೀರು ಬಿಡುತ್ತಿದ್ದ.

ಅನಂತರಾಜು ಹಿಂದೆ ಬರೆದು ತಿಳಿಸಿದ್ದ ಕಾಲೇಜಿನ ಆಸ್ಪತ್ರೆಯಲ್ಲಿ ಸ್ಟ್ರಿಪ್ಪು ನೋಡಿದ್ದೇ ಡಾಕ್ಟರಮ್ಮ ಸೌಮ್ಯಳನ್ನು ಒಳಗೆ ಕಳಿಸಿದರು. ಮಾತ್ರೆ ಯಾವುದೆಂದು ಗೊತ್ತಾದದ್ದು ಒಳ್ಳೆಯದಾಯಿತು, ಇನ್ನೊಂದು ನುಂಗಿದ್ದರೆ ಕಷ್ಟವಿತ್ತು, ಜೀವ ಉಳಿಸಿಕೊಳ್ಳಬಹುದು, ಕಣ್ಣಿನ ಮಾತು ಈಗಲೇ ಹೇಳಲಾಗದು ಎಂದರು. ಆಮೇಲೆ ಅನಂತರಾಜುವಿನ ಕಡೆ ತಿರುಗಿ, ಈ ಸಲವೂ ನೀವೇ ವರದಿ ಬರೆದುಕೊಡುತ್ತೀರಲ್ಲ ಎನ್ನುತ್ತ ಪೆನ್ನು ಚಾಚಿದವರು, ಟವೆಲು ಕಂಡು ಅದನ್ನು ಹಿಂದಕ್ಕೆಳೆದುಕೊಂಡರು.

ನಟರಾಜುವಿನ ಮೊಬೈಲು ಕಿರುಗುಟ್ಟಿತು. ಬಸವಯ್ಯ.

“ಏನ್ಲಾ, ಅವನ ಕೈ ನಿಂತೋಯ್ತಾ?”

“ಕೈ ನಿಂತೈತೆ ಕಣಣ್ಣ,” ಎಂದ ನಟರಾಜು. “ಬಾಯಿ ಈಗ ಸುರುವಾಯ್ತದೆ.” ಮೊಬೈಲನ್ನು ಗೋಡೆಗೆ ಬೀಸಿದ. ಅದು ಎರಡು ಹೋಳಾಯಿತು.

ಡಾಕ್ಟರಮ್ಮ ತಾವೇ ಬರೆಯಲು ಕುಳಿತರು. ಮಾತ್ರೆ ಕೊಟ್ಟವರು ಯಾರು ಎಂದು ಕೇಳಿದರು.

“ನಾನೇ. ಬಸವಯ್ಯನ ಗೋಡೌನಿಂದ ತಂದು. ಇವತ್ತು ಬೆಳಿಗ್ಗೆನೂ ಬಾಯಿ ಅಮುಕಿ ನಾನೇ ನುಂಗಿಸಿದ್ದು. ಬರ್ಕೊಳಿ.”

ಅವರು ಬರೆದುಕೊಂಡರು. ಆಮೇಲೆ ಟವೆಲು ಬಿಚ್ಚಿ ಅನಂತರಾಜುವಿನ ಬೆರಳು ನೋಡಿ, ಇದು ಹೇಗಾಯಿತು ಎಂದು ಕೇಳಿದರು. ಅನಂತರಾಜು ನಟರಾಜುವಿನ ಕಡೆ ನೋಡಿದ.

“ಅದೂ ನಾನೇ ಕಣಮ್ಮಾ,” ಎಂದ ನಟರಾಜು. “ಅದ್ನೂ ಬರ್ಕೊಂಡ್‌ಬುಡಿ.”