ನೂರೆ ಗೆಣಸು ಸಿಗುವ ಜಾಗ

ಸಿದ್ದಮ್ಮ ಅರಳಗುಪ್ಪೆಗೆ ಬಂದು ಇಪ್ಪತ್ತೊಂದು ವರ್ಷ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹೆಣ್ಣು. ರಸ್ತೆ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದ ಶಿವಣ್ಣ ಅವಳನ್ನು ಮೆಚ್ಚಿ ಮದುವೆಯಾಗಿದ್ದ. ತೋಟ, ಹಸು, ರಾಗಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೂ ಮಾಗಿಯ ಚಳಿ ಬಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಅವ್ವನ ಜೊತೆ ಕಾಡಿನಲ್ಲಿ ಅಗೆದು ತರುತ್ತಿದ್ದ ನೂರೆ ಗೆಣಸು ಬೇಕೆನಿಸುತ್ತಿತ್ತು. ಶಿವಣ್ಣ ಸಂತೆಯಿಂದ ಸಿಹಿಗೆಣಸು ತಂದರೆ, "ಇದು ಬೇರೆ ಕಣ್ರೀ" ಎಂದು ಮಕ್ಕಳಿಗೆ ಕೊಟ್ಟುಬಿಡುತ್ತಿದ್ದಳು.

ಈ ಸಲ ತೋಟದಲ್ಲಿ ಕುರಿಮಂದೆ ನಿಲ್ಲಿಸಿದ್ದ ಮುದುಕ ಹುಚ್ಚರಂಗಯ್ಯ ಅವಳ ಮಾತು ಕೇಳಿಸಿಕೊಂಡು, "ಚಿಕ್ಕನಾಯಕನಹಳ್ಳಿ ಗುಡ್ಡದಾಗೆ ಅಂತದೊಂದು ಬಳ್ಳಿ ಐತೆ ಕಣವ್ವ. ಹಂದಿ ಕೆದಕ್ತವೆ" ಎಂದ.

ಭಾನುವಾರ ಮೂವರೂ ಗುಡ್ಡ ಹತ್ತಿದರು. ಎಲೆಯೆಲ್ಲ ಉದುರಿ, ಒಣಗಿದ ಬಳ್ಳಿ ಮಾತ್ರ ಪೊದೆಗೆ ಸುತ್ತಿಕೊಂಡಿತ್ತು. ಸಿದ್ದಮ್ಮ ಅದನ್ನು ಬೆರಳಲ್ಲಿ ಸವರುತ್ತಾ ಬುಡದವರೆಗೆ ಹೋಗಿ ಕುಳಿತಳು. ಶಿವಣ್ಣ ಹಾರೆಗೆ ಕೈ ಚಾಚಿದ.

"ಬ್ಯಾಡ ಬುಡಿ. ನೀವು ತೆಂಗಿನ ಗುಂಡಿ ತೋಡ್ದಂಗೆ ತೋಡ್ತೀರ."

ಮೊಳದಾಳದಲ್ಲಿ ಗೆಡ್ಡೆ ಸಿಕ್ಕಿತು. ಅದರ ತಲೆಯನ್ನು ಬಳ್ಳಿಯ ಸಮೇತ ಉಳಿಸಿ, ಮಣ್ಣು ಮುಚ್ಚಿದಳು.

"ಅದ್ಯಾಕವ್ವ ಬುಟ್ಟೆ?"

"ಮುಂದಿನ ವರ್ಷಕ್ಕೆ, ತಾತ. ನಮ್ಮವ್ವ ಹಿಂಗೇ ಮಾಡ್ತಿದ್ಲು."

ಬಂಡೆಯ ಮೇಲೆ ಪುಳ್ಳೆ ಹಚ್ಚಿ ಸುಟ್ಟರು. ಮೊದಲ ತುತ್ತಿಗೇ ಅವಳ ಕಣ್ಣು ತುಂಬಿತು. "ಅದೇ ಅಲ್ಲ. ಆದ್ರೆ ಅದರ ನೆಂಟ" ಎಂದಳು. ಶಿವಣ್ಣನಿಗೆ ರುಚಿಯೇನೂ ಗೊತ್ತಾಗಲಿಲ್ಲ. ಹುಚ್ಚರಂಗಯ್ಯ ಮಾತ್ರ ಮೂರು ಹೋಳು ತಿಂದ.

ತಡೆಯಲಾರದೆ ಅಲ್ಲಿಂದಲೇ ತಮ್ಮನಿಗೆ ಫೋನ್ ಮಾಡಿದಳು. "ಈ ವರ್ಷ ಗೆಣಸು ಅಗೆದ್ರೇನೋ?"

"ಯಾರು ಅಗೀತಾರಕ್ಕ ಈಗ? ರೇಷನ್ ಅಕ್ಕಿ ಇದೆ. ಬಳ್ಳಿ ಎಲ್ಲೆಲ್ಲಿದೆ ಅಂತ ತಿಳಿದಿದ್ದೋಳು ಅವ್ವ ಒಬ್ಬಳೇ, ಅವಳೇ ಹೋದ್ಲಲ್ಲ."

ಸಿದ್ದಮ್ಮ ಕೈಯಲ್ಲಿದ್ದ ಹೋಳನ್ನು ಬಂಡೆಯ ಮೇಲಿಟ್ಟಳು. ಇಷ್ಟು ವರ್ಷ, ತಾನಿಲ್ಲದಿದ್ದರೂ ಅಲ್ಲಿ ಪ್ರತಿ ಚಳಿಗಾಲ ಗೆಣಸು ಸುಡುತ್ತಾರೆ, ತನ್ನ ಪಾಲನ್ನು ಯಾರೋ ತಿನ್ನುತ್ತಾರೆ ಎಂದುಕೊಂಡೇ ಸಮಾಧಾನಪಟ್ಟಿದ್ದಳು.

"ನಿಂಗೆ ನೆನಪಿದೆಯಾ ಅಕ್ಕ?"

"ಹಳ್ಳದಾಚೆ ತಾರೆ ಮರದ ಹತ್ರ ಎರಡು. ದೊಡ್ಡ ಹುತ್ತದ ಹಿಂದೆ ಒಂದು. ಜೇನುಬಂಡೆ ಕೆಳಗೆ..." ಒಂದೊಂದಾಗಿ ಹೇಳುತ್ತಾ ಹೋದಳು. ಹೇಳಿದಂತೆಲ್ಲ ಅವ್ವನ ಬೆನ್ನು, ಹೆಗಲ ಮೇಲಿನ ಗೆಣಸು ಅಗೆಯುವ ಕೋಲು ಕಣ್ಣ ಮುಂದೆ ನಡೆದವು.

ತಮ್ಮ, "ಹಿಂಗೆ ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಬಂದು ತೋರಿಸು" ಎಂದ.

ಫೋನ್ ಇಟ್ಟಮೇಲೆ ಶಿವಣ್ಣ, "ಸಂಕ್ರಾಂತಿ ಮುಗಿಸ್ಕಂಡು ಹೊರಡಣ ಕಣೇ" ಎಂದ.

"ನೀವೂ ಬತ್ತೀರಾ?"

"ಗುಂಡಿ ತೋಡಕ್ಕೆ ಬ್ಯಾಡ ಅಂದ್ರೆ ಹಾರೆ ಹೊರ್ತೀನಿ."

ಅವಳು ನಕ್ಕಳು. ಉಳಿದ ಗೆಣಸನ್ನು ಮಕ್ಕಳಿಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಗುಡ್ಡ ಇಳಿಯತೊಡಗಿದಳು.