ಜೇಬಿನಲ್ಲಿದ್ದ ಬೀಗದಕೈ

ಅಳಿಯ ಸುತ್ತಿಗೆ ಎತ್ತಿದ ಹೊತ್ತಿಗೇ ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಬಂದರು. ಅವನ ಗುರಿ, ಮೇವು ಕತ್ತರಿಸುವ ಯಂತ್ರದ ಸ್ವಿಚ್ ಪೆಟ್ಟಿಗೆಯ ಬೀಗ.

"ಮಾವ ಅಂಗಳದಲ್ಲಿ ಮಲಗಿದಾರೆ, ನೀವಿಲ್ಲಿ ಬೀಗ ಒಡೀತಿದೀರಾ?"

"ಇನ್ನೇನ್ ಮಾಡ್ಲಿ ಅತ್ತೆ? ಹಸುಗಳು ಬೆಳಗ್ಗಿಂದ ಬಾಯಿ ಬಡ್ಕೋತಿವೆ. ಅಳೋರ ಅಳು ಅವರಿಗೇ ಕೇಳಿಸ್ತಿಲ್ಲ. ಬೀಗದಕೈ ಎಲ್ಲೂ ಸಿಗ್ತಿಲ್ಲ."

ನಿನ್ನೆ ಸಂಜೆ ಮೇವು ಕತ್ತರಿಸಿ, ಬೀಗ ಹಾಕಿ ಮಲಗಿದ ಮಾವ ಮತ್ತೆ ಎದ್ದಿರಲಿಲ್ಲ. ಅತ್ತೆ ಹಣೆ ಚಚ್ಚಿಕೊಂಡರು.

"ಅಯ್ಯೋ, ಅದು ಜೇಬಲ್ಲೇ ಇದೆ. ಆ ಅಂಗಿಯನ್ನೇ ತೊಡಿಸಿಬಿಟ್ವಲ್ಲ."

ಕಂಬಕ್ಕೊರಗಿದ್ದ ಹಾಲಿನವನು ಕಣ್ಣೊರೆಸಿಕೊಂಡು, ಊರವರು ಮಾವನಿಗಿಟ್ಟ ಅಡ್ಡಹೆಸರು ಹಿಡಿದು ನಕ್ಕ. "ಬೀಗಪ್ಪ ಹೋಗುವಾಗ್ಲೂ ಎಲ್ಲರನ್ನೂ ಕಾಯಿಸ್ತಾನೆ ನೋಡಿ."

ಅತ್ತೆಗೆ ನಗು ಬರಲಿಲ್ಲ. ಕೊಟ್ಟಿಗೆ ಇನ್ನು ಅಳಿಯನ ಪಾಲಿಗೆ. ಅವನೋ ನಿಂತ ಕಾಲಲ್ಲಿ ಕೆಲಸ ಮುಗಿಸುವ ಜಾತಿ. ಅವನ ಕೈಗಳನ್ನು ನೋಡಿದರೇ ಅವರಿಗೆ ದಿಗಿಲು.

*

ಮಾವನ ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಹಿಂದೆ ಯಾರದೋ ಹೊಲದಲ್ಲಿ ಯಂತ್ರಕ್ಕೆ ಸಿಕ್ಕಿಕೊಂಡ ಮೇವು ಬಿಡಿಸುತ್ತಿದ್ದಾಗ ಇನ್ಯಾರೋ ಗೊತ್ತಿಲ್ಲದೆ ಸ್ವಿಚ್ ಹಾಕಿದ್ದರು. ಆಮೇಲೆ ಅವರದೊಂದೇ ಪಾಠ: ಯಂತ್ರ ನಿಲ್ಲಿಸು, ಪೆಟ್ಟಿಗೆಗೆ ಬೀಗ ಹಾಕು, ಬೀಗದಕೈ ನಿನ್ನ ಹತ್ತಿರವೇ ಇಟ್ಟುಕೋ, ಆಮೇಲೆ ಕೈ ಹಾಕು.

ಮದುವೆಯಾದ ಹೊಸತರಲ್ಲಿ ಅಳಿಯ ಬೀಗ ಹಾಕದೆಯೇ ಮೊಣಕೈವರೆಗೆ ಯಂತ್ರದೊಳಗೆ ಕೈಯಿಟ್ಟಿದ್ದ. ಅದನ್ನು ಕಂಡ ಮಾವ ತಾವೇ ಪೆಟ್ಟಿಗೆಗೆ ಬೀಗ ಹಾಕಿ ಬಂದಿದ್ದರು. ಮಗಳು ಅದು ಕಾಣದೆ ಸ್ವಿಚ್ ಹಾಕಲು ಬಂದವಳು ಬೀಗ ನೋಡಿ ಸಿಡುಕಿದಳು. "ಅಪ್ಪಾ, ನಿನ್ನ ಬೀಗಕ್ಕಿಷ್ಟು ಬೆಂಕಿ ಹಾಕ."

ಮಾವ ಜೇಬು ತಟ್ಟಿಕೊಂಡರು. "ನಿನ್ನ ಗಂಡನ ಕೈ ಒಳಗಿದೆ ಕಣಮ್ಮ. ಬೆರಳೆಲ್ಲ ಇವೆಯಾ, ಎಣಿಸಿ ತಗೋ."

*

ಅಳಿಯ ಅಂಗಳದಲ್ಲಿ ಮಾವನ ಪಕ್ಕ ಕೂತು ಜೇಬಿನ ಗುಂಡಿ ಬಿಚ್ಚಿದ. "ಮಾವಾ, ಕೇಳಿಯೇ ತಗೋತಿದೀನಿ ಮತ್ತೆ." ಬಿಕ್ಕುತ್ತಿದ್ದ ಮಗಳಿಗೂ ನಗು ಬಂತು.

ಯಂತ್ರ ಗುಡುಗಿತು. ಹಸುಗಳು ಒಂದೊಂದಾಗಿ ಬಾಯಿ ಮುಚ್ಚಿದವು. ಅಷ್ಟರಲ್ಲಿ ಮೇವು ಸಿಕ್ಕಿಕೊಂಡು ಯಂತ್ರ ಮುಲುಗಿ ನಿಂತಿತು.

"ಬೇಗ ಬಾರಪ್ಪ, ಬೀಗಪ್ಪನ್ನ ಎತ್ತೋ ಹೊತ್ತಾಯ್ತು," ಹಾಲಿನವನು ಕೂಗಿದ.

ಅತ್ತೆ ಕೂತಲ್ಲಿಂದಲೇ ಕತ್ತು ಚಾಚಿದರು. ಅಳಿಯನ ಕೈ ಯಂತ್ರದ ಬಾಯಿಯವರೆಗೆ ಹೋಗಿ ನಿಂತಿತು. ಅವನು ಹಿಂದಿರುಗಿ ಸ್ವಿಚ್ ಆರಿಸಿದ, ಪೆಟ್ಟಿಗೆಗೆ ಬೀಗ ಜಡಿದ. ಎದೆ ತಡವಿಕೊಂಡ; ಹೊಸ ಅಂಗಿಗೆ ಜೇಬೇ ಇರಲಿಲ್ಲ.

"ಇನ್ನೆಷ್ಟೊತ್ತೋ?"

ಅಳಿಯ "ಊಂ" ಎಂದ, ಅಷ್ಟೇ. ಬೀಗದಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಗಳನ್ನು ಯಂತ್ರದೊಳಗೆ ಇಳಿಸಿದ.