ಮೂರನೆಯ ತಂಬಿಗೆ

ಎರಡನೆಯ ಸಲ ನೀರಿನ ತಂಬಿಗೆ ಚಾಚಿದಾಗ ಚಮನಸಾಬ ಗೆಳೆಯನ ಹಣೆ ನೋಡಿದ. ಅಲ್ಲಿ ಬೆವರಿರಲಿಲ್ಲ. ಮೇ ತಿಂಗಳ ನಡುಹಗಲು, ಬೇವಿನ ನೆರಳಲ್ಲಿ ಕೂತ ಜನರೇ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದರು. ಬಯಲಲ್ಲಿ ನಿಂತು ಹಾಡುತ್ತಿದ್ದ ದೌಲತರಾಯನ ಹಣೆ ಮಾತ್ರ ಒಣಗಿದ ಹೆಂಟೆಯ ಹಾಗಿತ್ತು. ತುಟಿಯ ಮೂಲೆಯಲ್ಲಿ ಬಿಳಿ ಕಟ್ಟಿತ್ತು.

"ಕೆರಿಯ ನೀರು ನಮ್ಮದೋ, ಬಾವಿ ನೀರು ನಮ್ಮದೋ,
ಬಾಯಿ ತೆರೆದರ ಬದುಕೀಯೋ ಹೊನ್ನಗೊಂಡಾ"

ಎಂದು ಅಣಕಿಸುವ ನುಡಿಯನ್ನು ಚಮನಸಾಬ ಮುಗಿಸಿದ. ಹಿಂದೆ ನಿಂತ ಅವನ ಮೇಳ ಅದನ್ನೇ ಎತ್ತಿ ಹಾಡಿತು. ಆ ಗದ್ದಲದಲ್ಲಿ ಅವನು ಮುಂದಕ್ಕೆ ಬಾಗಿ, "ಅಣ್ಣಾ, ಸಾಕು. ಕತ್ತಿ ಇಳಸು," ಎಂದ.

"ದೂರ ಸರಿಲೇ," ಎಂದ ದೌಲತರಾಯ. ತಂಬಿಗೆಯನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿ, ಬಲಗೈಯ ಕಟ್ಟಿಗೆಯ ಕತ್ತಿ ಎತ್ತಿ ಜವಾಬು ಕೊಟ್ಟ.

"ಊರ ಕೂಸು ಬಾಯಿ ಬಿಡತಾವ, ಕಟ್ಟಿದ ಎತ್ತು ನಾಲಿಗಿ ಚಾಚ್ಯಾವ,
ನನಗೊಬ್ಬಗ್ಯಾಕೋ ನಿನ್ನ ನೀರ, ಒಯ್ಯೋ ಹಿಂದಕ"

ಜನ ಸಿಳ್ಳೆ ಹೊಡೆದರು. ಹತ್ತಾರು ಮೊಬೈಲುಗಳು ಮೇಲೆದ್ದವು.

ಅಫಜಲಪುರ ತಾಲೂಕಿನ ಹುಡೇಹಾಳದಲ್ಲಿ ಮಳೆಗಾಲಕ್ಕೆ ಮುಂಚೆ ಹೊನ್ನಗೊಂಡನ ಹಾಡು ಆಗಲೇಬೇಕು. ಊರ ಮುಂದಿನ ಹುಡೇವು, ಅಂದರೆ ಕಲ್ಲುಮಣ್ಣಿನ ಹಳೆಯ ಕಾವಲು ಬುರುಜು, ಹೊನ್ನಗೊಂಡ ಕಾದದ್ದು ಎನ್ನುತ್ತಾರೆ. ದಂಡು ಬಂದು ಊರಿನ ನೀರು ಹಿಡಿಯಿತು. ಶರಣಾದರೆ ಕುಡಿ ಎಂದು ಮೂರು ಸಲ ತಂಬಿಗೆ ಕಳಿಸಿತು. ಊರಿಗಿಲ್ಲದ ನೀರು ತನಗೆ ಬೇಡವೆಂದು ಅವನು ಮೂರು ಸಲವೂ ತಿರುಗಿಸಿ ಕಳಿಸಿ, ಬಾಯಾರಿಯೇ ಕಾದಿ ಸತ್ತ. ಇದು ಕಥೆ. ಇದನ್ನು ಎರಡು ಮೇಳಗಳು ಎದುರುಬದುರು ನಿಂತು ಹಾಡುತ್ತವೆ. ಹುಡೇವಿನ ಮೇಳಕ್ಕೆ ದೌಲತರಾಯ ಮುಂದಾಳು, ದಂಡಿನ ಮೇಳಕ್ಕೆ ಚಮನಸಾಬ. ಹುಡೇವಿನ ಮುಂದಾಳು ಅಂದು ಬೆಳಗಿನಿಂದ ಹನಿ ನೀರು ಮುಟ್ಟುವಂತಿಲ್ಲ. ಹಾಡಿನಲ್ಲಿ ಹೊನ್ನಗೊಂಡ ಬಿದ್ದ ಮೇಲೆಯೇ ಅವನಿಗೆ ನೀರು.

ಬೀಳಿಸುವ ನುಡಿ ಹಾಡುವವನು ದಂಡಿನ ಮುಂದಾಳು. ಆದರೆ ಯಾವಾಗ ಬೇಕೆಂದರೆ ಆಗ ಹಾಡುವ ಹಾಗಿಲ್ಲ. ಮೂರು ತಂಬಿಗೆ ತಿರುಗಬೇಕು, ಕಾಳಗದ ಉದ್ದನೆಯ ಭಾಗ ಆಗಬೇಕು, ಕೊನೆಗೆ ಎದುರಿನವನು ತಾನಾಗಿ ಕತ್ತಿ ನೆಲಕ್ಕಿಟ್ಟು ಹಾಡಬೇಕು. ಅದಕ್ಕೂ ಮುಂಚೆ ಬೀಳಿಸಿದರೆ ಬೆನ್ನಿಗೆ ಹೊಡೆದ ಹಾಗೆ. ಅಂಥವನ ಮೇಳ ಸೋತಿತು, ಮುಂದಾಳು ಬಾರಿಸುವ ದಪ್ಪನ್ನು ಅವನು ಮತ್ತೆ ಹಿಡಿಯುವಂತಿಲ್ಲ. ಅಜ್ಜಂದಿರ ಕಾಲದಲ್ಲಿ ಒಬ್ಬ ಹಾಗೆ ಮಾಡಿದ್ದನಂತೆ. ಆ ಮನೆತನದ ಹೆಸರು ಅಳಿದು ಹೋದರೂ ಊರು ಅವರನ್ನು ಇವತ್ತಿಗೂ 'ಬೆನ್ನಿಗಿ ಹೊಡದವ್ರು' ಎಂದೇ ಕರೆಯುತ್ತದೆ. ಹೆಣ್ಣು ಕೇಳಲು ಬಂದವರಿಗೂ ಮೊದಲು ಸಿಗುವ ಸುದ್ದಿ ಅದೇ.

ಇನ್ನು ದೌಲತರಾಯನ ವಿಷಯ. ವರ್ಷದ ಉಳಿದ ದಿನಗಳಲ್ಲಿ ಅವನೇನು ವೀರನಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟಿಗಾಗಿ ಬಾಣಂತಿಯ ಜೊತೆಗೂ ಜಗಳ ಕಾಯುವ ಮನುಷ್ಯ. ತೊಗರಿ ಬಿತ್ತುವಾಗ ದಾಯಾದಿಯ ಬದುವನ್ನು ಚೂರು ಕೆರೆದುಕೊಳ್ಳದೆ ಬಿಟ್ಟವನಲ್ಲ. ಆದರೆ ಕಟ್ಟಿಗೆಯ ಕತ್ತಿ ಕೈಗೆ ಬಂತೆಂದರೆ ಅವನ ನಿಲುವೇ ಬೇರೆ. ಬದು ಕಳೆದುಕೊಂಡ ದಾಯಾದಿಯೂ ಅಂದು ಅವನ ಹಾಡಿಗೆ ಕಣ್ಣೊರೆಸಿಕೊಳ್ಳುತ್ತಿದ್ದ. ಬೇರೆ ಯಾರಾದರೂ ಮಾಡಿದ್ದರೆ ನಗಬಹುದಿತ್ತು, ಅವನು ನಗಲು ಬಿಡುತ್ತಿರಲಿಲ್ಲ.

ಚಮನಸಾಬ ಇದಕ್ಕೆ ತದ್ವಿರುದ್ಧ. ಗೊಬ್ಬೂರ ರಸ್ತೆಯಲ್ಲಿ ಅವನ ಪಂಕ್ಚರ್ ಅಂಗಡಿ. ಇರುವೆಯನ್ನೂ ದಾಟಿ ಕಾಲಿಡುವ ಜಾತಿಯ ಮನುಷ್ಯ, ಹಾಡಿನ ದಿನ ಕರಿ ಪೇಟ ಸುತ್ತಿ, ಕಾಡಿಗೆಯ ಮೀಸೆ ತಿದ್ದಿ ನಿಂತರೆ ಕೂಸುಗಳು ಚೀರುತ್ತಿದ್ದವು. ಮೂವತ್ತು ವರ್ಷದಿಂದ ಅವನು ದೌಲತರಾಯನನ್ನು ವರ್ಷಕ್ಕೊಮ್ಮೆ ಕೊಂದು, ಮರುದಿನ ಅವನ ಮನೆಯಲ್ಲೇ ಹೋಳಿಗೆ ಉಂಡು ಬರುತ್ತಿದ್ದ.

ಅಂದು ಬೆಳಿಗ್ಗೆ ದೌಲತರಾಯನ ಹೆಂಡತಿ ಗುರುಬಾಯಿ ಅಂಗಡಿಗೇ ಬಂದಿದ್ದಳು. ಸೆರಗು ಬಿಗಿಹಿಡಿದು ಟೈರುಗಳ ಮಗ್ಗುಲಲ್ಲಿ ನಿಂತಳು.

"ಚಮನಸಾಬ್ರ, ಕಲಬುರಗಿ ಡಾಕ್ಟರ್ ಏನ್ ಹೇಳ್ಯಾರ ನಿಮಗೊಬ್ರಿಗೇ ಗೊತ್ತದ. ಕಿಡ್ನಿ ಅರ್ಧಾನೂ ಕೆಲಸಾ ಮಾಡವಲ್ಲವು. ಬಿಸಲಾಗ ನೀರಿಲ್ದ ನಿಂತ್ರ ಉಚ್ಚಿ ಕಟ್ತದ, ಉಚ್ಚಿ ಕಟ್ಟಿದ್ರ ಮನಶ್ಯಾ ಉಳಿಯಂಗಿಲ್ಲ ಅಂದಾರ. ಇವ್ರು ನೋಡಿದ್ರ ಊರಾಗ ಬರೇ ಗ್ಯಾಸ್ ಆಗಿತ್ತು ಅಂತ ಹೇಳ್ಕೋತ ತಿರಗ್ಯಾಡಾಕತ್ತಾರ."

"ವಾರದಿಂದ ಅದನ್ನೇ ಹೇಳಾಕತ್ತೇನಿ ವೈನಿ. ಕೇಳವಲ್ಲ. 'ಹಾಡಾಂವ ನಾನು, ಬಾಯಾರಿಕಿ ಹೊನ್ನಗೊಂಡಂದು ಅಂದ್ರ ಆ ಹಾಡಿಗಿ ಏನ್ ಕಿಮ್ಮತ್ತಲೇ ಚಮನ್ಯಾ' ಅಂತ ನನಗೇ ಕೇಳ್ದ."

ಗುರುಬಾಯಿ ಕೇಳಿದಳು, "ಹೊನ್ನಗೊಂಡಗ ಹೆಂಡ್ತಿ ಇದ್ಳೇನ್ರಿ?"

"ಇದ್ದಿರ್ತಾಳ ವೈನಿ."

"ಅಕಿ ಬಗ್ಗಿ ನಿಮ್ಮ ಹಾಡಿನಾಗ ಒಂದರ ನುಡಿ ಅದ ಏನು?"

ಇರಲಿಲ್ಲ. ಅಷ್ಟು ಉದ್ದದ ಹಾಡಿನಲ್ಲಿ ಕುದುರೆಗೆ ಹೆಸರಿತ್ತು, ಕತ್ತಿಗೆ ಹೆಸರಿತ್ತು, ಆ ಹೆಂಗಸಿಗೆ ಇರಲಿಲ್ಲ. ಚಮನಸಾಬನಿಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

"ಲಗೂನ ಮುಗಸ್ರಿ," ಎಂದು ಅವಳು ಕೈ ಮುಗಿದಳು. "ನಿಮ್ಮ ಕೈಯಾಗ ಅದ."

"ನನ್ನ ಕೈಯಾಗ ಎಲ್ಲದ ವೈನಿ? ಅವ ಕತ್ತಿ ಇಳಸೂತನಕ ನಾ ಹೊಡಿಯಂಗಿಲ್ಲ," ಎಂದಿದ್ದ ಚಮನಸಾಬ. ಹೇಳುವಾಗ ಅದು ಸಲೀಸಾಗಿ ಬಾಯಿಗೆ ಬಂದಿತ್ತು.

ಈಗ ಬಯಲಲ್ಲಿ ಅದೇ ಮಾತು ಅವನನ್ನು ಕಟ್ಟಿಹಾಕಿತ್ತು. ಅವನು ತನ್ನ ನುಡಿಗಳನ್ನು ಆದಷ್ಟು ಚಿಕ್ಕದು ಮಾಡುತ್ತ ಬಂದಿದ್ದ. ದೌಲತರಾಯನಿಗೆ ಅದು ತಿಳಿದು ಸಿಟ್ಟು ಬಂದಿತ್ತೇನೋ, ಜವಾಬುಗಳನ್ನು ಬೇಕೆಂದೇ ಉದ್ದ ಎಳೆಯುತ್ತಿದ್ದ. ಎತ್ತುಗಳ ಬಾಯಾರಿಕೆ, ಕರುಗಳ ಬಾಯಾರಿಕೆ, ಹಿತ್ತಲಿನ ಬಳ್ಳಿಯ ಬಾಯಾರಿಕೆ, ಒಂದೊಂದಕ್ಕೂ ಹೊಸ ನುಡಿ ಕಟ್ಟುತ್ತಿದ್ದ. ಜನ ಹುಚ್ಚೆದ್ದು ಕುಣಿಯುತ್ತಿದ್ದರು. ಇಂಥ ಹಾಡು ಎಷ್ಟೋ ವರ್ಷದಿಂದ ಆಗಿರಲಿಲ್ಲ ಎನ್ನುವುದು ಚಮನಸಾಬನಿಗೂ ಗೊತ್ತಿತ್ತು. ಆ ಸಂಕಟದ ನಡುವೆಯೂ ಗೆಳೆಯನ ಮೇಲೆ ಅವನಿಗೆ ಹೆಮ್ಮೆಯೆನಿಸಿತು.

ಅಷ್ಟರಲ್ಲಿ ದೌಲತರಾಯ ಬಳ್ಳಿಯ ನುಡಿಯನ್ನು ಮತ್ತೊಮ್ಮೆ ಹಾಡಿದ. ಜನ ಚಪ್ಪಾಳೆ ತಟ್ಟಿದರು. ಅದನ್ನೇ ಇನ್ನೊಮ್ಮೆ ಹಾಡಿದ. ಅದೂ ಹಾಡಿನ ಬೆಡಗು ಎಂದುಕೊಂಡು ಇನ್ನಷ್ಟು ತಟ್ಟಿದರು. ಚಮನಸಾಬ ಅವನ ಕಣ್ಣು ನೋಡಿದ. ಅವು ಇವನನ್ನು ದಾಟಿ ಎಲ್ಲೋ ನೆಟ್ಟಿದ್ದವು. ಎತ್ತಿ ಹಿಡಿದ ಕತ್ತಿ ನಿಧಾನವಾಗಿ ಕೆಳಗಿಳಿದು ಅದರ ತುದಿ ನೆಲಕ್ಕೆ ತಾಗಿತು. ಇಡಲಿಲ್ಲ, ಅದನ್ನೇ ಊರುಗೋಲು ಮಾಡಿಕೊಂಡು ನಿಂತ.

ಹೆಂಗಸರ ಸಾಲಿನಲ್ಲಿ ಗುರುಬಾಯಿ ಎದ್ದು ನಿಂತಿದ್ದಳು.

ಚಮನಸಾಬ ಹಾಡಿನ ಹಿರಿಯ ಧರ್ಮಣ್ಣನ ಕಡೆ ತಿರುಗಿದ. "ಧರ್ಮಣ್ಣ, ಸ್ವಲ್ಪ ನಿಂದರ್ಸೋಣೇನು?"

"ನಡಬರಕ ನಿಂದರಸೂದು ಎಲ್ಲಿ ಅದ ಚಮನಸಾಬ? ಮೂರನೇ ತಂಬಿಗಿ ತಗೋ," ಎಂದ ಧರ್ಮಣ್ಣ.

ಯಾರೋ ತಂಬಿಗೆ ತುಂಬಿ ಕೈಗಿತ್ತರು. ಚಮನಸಾಬ ಅದನ್ನು ಹಿಡಿದು ನಿಂತ. ಹಿಂದೆ ತಾಳ ಹಿಡಿದಿದ್ದ ಮಗ ಅರ್ಬಾಜನ ನೆನಪಾಯಿತು. ಈ ವರ್ಷ ಹಾಡು ಮುಗಿದ ಮೇಲೆ ದಪ್ಪನ್ನು ಅವನ ಕೈಗೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಅರ್ಬಾಜನ ಪುಟ್ಟ ಮಗಳು ಇರಮ ನಾಳೆ ಬೆಳೆದು ನಿಂತಾಗ ಈ ಊರು ಅವಳನ್ನು ಯಾರ ಮನೆಯವಳೆಂದು ಕರೆದೀತು ಎಂಬುದೂ ಕಣ್ಣ ಮುಂದೆ ಬಂದು ಹೋಯಿತು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ತಂಬಿಗೆಯನ್ನು ನೆಲಕ್ಕಿಟ್ಟು ದಪ್ಪು ಎತ್ತಿಕೊಂಡ.

"ಬಿದ್ದಾನೋ ಬಿದ್ದಾನ ಹುಡೇವಿನ ಬಾಗಿಲಾಗ,
ಎದ್ದು ನಿಂತಂಗ ಬಿದ್ದಾನೋ ಹೊನ್ನಗೊಂಡ"

ಮೇಳ ಬಾಯಿ ತೆರೆಯಲಿಲ್ಲ. ಜನರಲ್ಲಿ ಅರ್ಧ ಸಿಳ್ಳೆಯೊಂದು ಎದ್ದು ನಿಂತುಹೋಯಿತು. ಮೇಳ ಎತ್ತಿ ಹಾಡದ ನುಡಿ ಹಾಡಿದ ಲೆಕ್ಕಕ್ಕಿಲ್ಲ. ಚಮನಸಾಬ ಮಗನ ಕಡೆ ತಿರುಗಿ ಮತ್ತೆ ಹಾಡಿದ.

"ಅಬ್ಬಾ, ಹೋಶ್ ಅದ ಏನ್ ನಿಮಗ?" ಅರ್ಬಾಜ ತಾಳ ಕೆಳಗಿಳಿಸಿದ. "ಅವ್ರು ಕತ್ತಿ ಹಿಡಕೊಂಡೇ ನಿಂತಾರ."

"ಎತ್ತು."

"ಅಬ್ಬಾ..."

"ನಿಮ್ಮಪ್ಪ ಹೇಳಾಕತ್ತೇನಿ, ಎತ್ತಲೇ!"

ಅರ್ಬಾಜ ತಲೆ ತಗ್ಗಿಸಿ, ತಾಳ ಹೊಡೆಯದೆ, ಬರೀ ಬಾಯಲ್ಲಿ ಆ ನುಡಿ ಹೇಳಿದ. ಅವನ ಹಿಂದೆ ಉಳಿದವರೂ ಗೊಣಗಿದರು. ಹೊನ್ನಗೊಂಡ ಬಿದ್ದ.

ಬಯಲಲ್ಲಿ ಎಲ್ಲರೂ ಒಟ್ಟಿಗೆ ಬಾಯಿ ಮಾಡಿದರು. ಯಾರದೋ ಚಪ್ಪಲಿ ಚಮನಸಾಬನ ಕಾಲ ಬಳಿ ಬಂದು ಬಿತ್ತು. ಧರ್ಮಣ್ಣ ಕೈಯೆತ್ತಿ ಸುಮ್ಮನಾಗಿಸಿ ಮುಂದೆ ಬಂದ. ಅವನಿಗೂ ಚಮನಸಾಬನ ಮೇಲೆ ಪ್ರೀತಿಯಿತ್ತು.

"ಚಮನಸಾಬ, ಬಾಯಿ ತಪ್ಪಿ ಬಂದಿದ್ರ ಹೇಳಿಬಿಡು. ಯಾರಿಗಾದ್ರೂ ತಪ್ತದ. ಮೂರನೇ ತಂಬಿಗಿಯಿಂದ ಮತ್ತ ಸುರು ಮಾಡೋಣ."

ತಪ್ಪಿತು ಎಂದರೆ ಚಮನಸಾಬ ಉಳಿಯುತ್ತಿದ್ದ, ಹಾಡು ಮುಂದುವರಿಯುತ್ತಿತ್ತು. ಅವನು ದೌಲತರಾಯನನ್ನು ನೋಡಿದ. ದೌಲತರಾಯ ಕತ್ತಿಯ ಮೇಲೆ ಭಾರ ಬಿಟ್ಟು ತೂಗಾಡುತ್ತಿದ್ದ.

"ಬಾಯಿ ತಪ್ಪಿಲ್ಲ ಧರ್ಮಣ್ಣ. ಬೇಕಂತ ಹೊಡದೀನಿ."

ಧರ್ಮಣ್ಣ ಅವನ ಕೈಯಿಂದ ದಪ್ಪು ಕಿತ್ತುಕೊಂಡ. ಮುಂದಿನದೂ ವಾಡಿಕೆಯೇ. ಬಿದ್ದವನಿಗೆ ಮೊದಲ ನೀರು ಬೀಳಿಸಿದವನ ಕೈಯಿಂದ. ಚಮನಸಾಬ ತಂಬಿಗೆ ಎತ್ತಿ ಗೆಳೆಯನ ಬಾಯಿಯ ಹತ್ತಿರ ಹಿಡಿದ. ದೌಲತರಾಯನ ಕಣ್ಣಿಗೆ ಆಗ ಎಲ್ಲಿಂದಲೋ ಬೆಳಕು ಬಂತು. ಕೈ ಬೀಸಿ ತಂಬಿಗೆಗೆ ಹೊಡೆದ. ನೀರೆಲ್ಲ ಚಮನಸಾಬನ ಎದೆಯ ಮೇಲೆ ಚೆಲ್ಲಿತು.

"ನಾ ಇನ್ನೂ ಕತ್ತಿ ಇಳಸಿಲ್ಲ," ಎಂದ. ಮಾತು ತೊದಲುತ್ತಿತ್ತು. "ಬೆನ್ನಿಗಿ ಹೊಡದ್ಯಲ್ಲಲೇ ಚಮನ್ಯಾ. ಮೂವತ್ತ ವರ್ಷ ನಿನಗ ಉಣ್ಣಾಕ ಇಟ್ಟು..."

"ದೌಲತರಾಯ, ಹಾಡು ಮುಗೀತು," ಎಂದ ಧರ್ಮಣ್ಣ. "ನೀ ಗೆದ್ದಿ. ಹೊನ್ನಗೊಂಡ ಬಿದ್ದಾನ, ನೀರ್ ಕುಡಿ."

ಗುರುಬಾಯಿ ಅಷ್ಟರಲ್ಲಿ ಕೊಡವನ್ನೇ ಎತ್ತಿಕೊಂಡು ಬಂದಿದ್ದಳು. ಗಂಡನನ್ನು ನೆಲಕ್ಕೆ ಕೂರಿಸಿ, ತಲೆಯನ್ನು ಎದೆಗೆ ಆನಿಸಿಕೊಂಡು, ಊರೆಲ್ಲ ನೋಡುತ್ತಿದ್ದಂತೆ ಕುಡಿಸಿದಳು. ದೌಲತರಾಯ ಕೆಮ್ಮಿದ, ಉಗುಳಿದ, ಆಮೇಲೆ ಕೊಡದ ಬಾಯಿಗೆ ಬಾಯಿ ಹಚ್ಚಿ ಬಿಡದೆ ಕುಡಿದ. ಅವಳು ತಲೆಯೆತ್ತಿ ಜನರ ಕಡೆ ನೋಡಿದಳು. ಅವರು ಇನ್ನೂ ಚಮನಸಾಬನನ್ನು ಬೈಯುತ್ತಲೇ ಇದ್ದರು.

"ಇಲ್ಲಿ ಕೇಳ್ರಿ ಎಲ್ಲಾರು," ಎಂದು ದನಿ ಏರಿಸಿದಳು. "ಇವ್ರು ಯಾಕ..."

"ವೈನಿ, ಬಾಯಿ ಮುಚ್ಚು!"

ಚಮನಸಾಬ ಅವಳೊಂದಿಗೆ ಎಂದೂ ಹಾಗೆ ಮಾತಾಡಿದವನಲ್ಲ. ಹತ್ತಿರ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ. "ಅಣ್ಣ ಗೆದ್ದಾನ. ಇಂಥಾ ಹಾಡು ಇನ್ನ ಯಾರೂ ಹಾಡಂಗಿಲ್ಲ. ಗೆದ್ದಾಂವಗ ಊರ ಮುಂದ ಅಯ್ಯೋ ಪಾಪ ಅನಸಬ್ಯಾಡ್ರಿ. ಲಗೂನ ದವಾಖಾನಿಗಿ ಒಯ್ರಿ."

ಜೀಪು ಬಂತು. ಮೇಳದವರು ದೌಲತರಾಯನನ್ನು ಎತ್ತಿ ಮಲಗಿಸಿದರು. ಚಮನಸಾಬ ಅವನ ಕಾಲು ಸರಿಮಾಡಲು ಹೋದಾಗ ಆ ಕಾಲು ಅವನನ್ನು ಒದೆಯಿತು. ಒದೆತದಲ್ಲಿ ಬಲವೇನೂ ಇರಲಿಲ್ಲ.

"ಇಂವ ನನ್ನ ಮನಿ ಹೊಸ್ತಿಲಾ ತುಳೀಬಾರ್ದು," ಎಂದ ದೌಲತರಾಯ.

ಮರುದಿನ ಚಮನಸಾಬ ಅಂಗಡಿ ತೆರೆದ. ಅರ್ಬಾಜ ರಾತ್ರಿಯಿಂದ ಮಾತು ಬಿಟ್ಟಿದ್ದ. ಎದುರಿನ ಹೋಟೆಲಿನಿಂದ ಬರುವ ಚಹಾ ಬರಲಿಲ್ಲ. ಕೇಳಲು ಇವನೂ ಹೋಗಲಿಲ್ಲ. ಬಿಸಿಲು ಏರುವ ಹೊತ್ತಿಗೆ ಫೋನು ರಿಂಗಾಯಿತು. ಕಲಬುರಗಿಯ ಆಸ್ಪತ್ರೆಯಿಂದ ಗುರುಬಾಯಿ.

"ಚಮನಸಾಬ್ರ, ಉಚ್ಚಿ ಹೊಯ್ದ್ರು," ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. "ಛಲೋತ್ನಂಗ ಹೊಯ್ದ್ರು. ಡಾಕ್ಟರ್ ಏನೂ ಅಂಜಿಕಿ ಇಲ್ಲ ಅಂದ್ರು."

ಚಮನಸಾಬ ಸ್ಟೂಲಿನ ಮೇಲೆ ಕೂತುಬಿಟ್ಟ. "ಮಾತಾಡ್ತಾನೇನು?"

"ಮಾತಾಡೂದೇನ್ ಬಂತ್ರಿ, ನಿಮ್ಮನ್ನ ಬೈಯಾಕತ್ತಾರ. ವಾರ್ಡಿನಾಗಿನ ಮಂದಿಗೆಲ್ಲಾ ಕೇಳೂಹಂಗ ಬೈಯಾಕತ್ತಾರ. ನಾ ಹೇಳಿಬಿಡ್ತೇನ್ರಿ ಅವ್ರಿಗಿ..."

"ಬೈಯಲಿ ಬಿಡ್ರಿ ವೈನಿ. ಬೈದ್ರ ತಾಕತ್ ಬರ್ತದ."

ಫೋನು ಇಟ್ಟು ಅವನು ಮುಖ ತೊಳೆದುಕೊಂಡ. ಕಾಡಿಗೆಯ ಮೀಸೆ ಆಗಲೇ ಹೋಗಿತ್ತು, ಆದರೂ ತಿಕ್ಕಿ ತಿಕ್ಕಿ ತೊಳೆದ.

ಮಧ್ಯಾಹ್ನ ಒಬ್ಬ ಬೈಕು ತಳ್ಳಿಕೊಂಡು ಬಂದ. ಇಜೇರಿ ಕಡೆಯವನಂತೆ, ಬೀಜದ ವ್ಯಾಪಾರಕ್ಕೆ ಓಡಾಡುವವನು. ಚಮನಸಾಬ ಟ್ಯೂಬು ಎಳೆದು ತೆಗೆಯುತ್ತಿದ್ದಾಗ ಅವನು ಮೊಬೈಲು ನೋಡುತ್ತ ನಗತೊಡಗಿದ.

"ಇದು ನಿಮ್ಮ ಊರಿಂದೇ ಅಲ್ಲೇನ್ರಿ ಚಾಚಾ? ಮುಂಜಾನಿಂದ ಎಲ್ಲಾ ಗ್ರೂಪಿನಾಗೂ ಇದೇ ಬರಾಕತ್ತದ. ಕರಿ ಪಟಗಾದಾಂವ ಮುದುಕಗ ಹೆಂಗ ಬೆನ್ನಿಗಿ ಹೊಡದ ನೋಡ್ರಿ. ಎಂಥಾ ಹೇಡಿ ಇದ್ದಾನು ಇಂವ!"

ಚಮನಸಾಬ ಕೈ ಒರೆಸಿಕೊಂಡು ಹತ್ತಿರ ಬಂದ. ಪರದೆಯಲ್ಲಿ ಕರಿ ಪೇಟದವನು ಹಾಡಿದ, ಚಪ್ಪಲಿ ಬಿತ್ತು, ನೀರು ಚೆಲ್ಲಿತು. ಬೀಜದವನು ಅಲ್ಲಿಗೆ ನಿಲ್ಲಿಸಿದ.

"ಮುಂದ ಅದ ಏನ್ರಿ?" ಎಂದು ಕೇಳಿದ ಚಮನಸಾಬ.

"ಮುಂದೇನಿಲ್ರಿ. ಮುದುಕ ನೀರ್ ಕುಡೀತಾನ, ಅಷ್ಟೇ."

"ಅದನ್ನ ತೋರಸ್ರಿ."

ಅವನು ತೋರಿಸಿದ. ಹೆಂಗಸೊಬ್ಬಳು ಕೊಡ ಬಗ್ಗಿಸಿ ಹಿಡಿದಿದ್ದಳು. ಮುದುಕನ ಗಂಟಲು ಮೇಲೆ ಕೆಳಗೆ ಆಡುತ್ತಿತ್ತು.

"ಇನ್ನೊಮ್ಮಿ ತೋರಸ್ರಿ," ಎಂದ ಚಮನಸಾಬ.